ಮೊದಲ ಆಲ್ಬಮ್ಮಿನ ತಿಪ್ಪೇಶ
ನಮ್ಮ ಬಳ್ಳಾರಿಯ ರಾಕ್ ಬ್ಯಾಂಡ್ ‘ಕೆಂಧೂಳು’ ಈವರೆಗೆ ತಂದಿರುವುದು ಎರಡು ಆಲ್ಬಮ್, ‘ಕಲ್ಲು’ ಮತ್ತು ‘ನೀರು’. ಆದರೆ ಜೀನ್ಸ್ ಹೊಲಿಯುವ ತಿಪ್ಪೇಶನ ಮಟ್ಟಿಗೆ ಅವರು ತಂದದ್ದು ಒಂದೇ. ಗಾಂಧಿನಗರದ ಚಹಾ ಅಂಗಡಿಯಲ್ಲಿ ಯಾರಾದರೂ ‘ನೀರು’ ಹೊಗಳಿದರೆ ಸಾಕು, ಅವನ ಕೈಯ ಮಿರ್ಚಿ ಬಾಯಿಗೆ ಹೋಗದೆ ಗಾಳಿಯಲ್ಲೇ ನಿಲ್ಲುತ್ತದೆ. “ಅದೇನ್ ರಾಕ್ ಏನ್ರಿ? ಜೋಗುಳ ಐತಿ ಅದು, ಜೋಗುಳ!” ಮಾತಿಗೆ ಬಗ್ಗದವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಸಂಗನಕಲ್ಲಿನ ಗುಡ್ಡ ಹತ್ತಿಸುತ್ತಾನೆ, ಬ್ಯಾಂಡಿನವರು ‘ಕಲ್ಲು’ ಆಲ್ಬಮ್ಮಿನಲ್ಲಿ ನುಡಿಸಿದ ಬಂಡೆಯನ್ನು ತಟ್ಟಿ, ಅದು ಗಂಟೆಯಂತೆ ದನಿಗೊಟ್ಟಾಗ ತಾನೇ ಅದನ್ನು ಹೆತ್ತವನಂತೆ ಬೀಗುತ್ತಾನೆ. ಹೆಣ್ಣು ನೋಡಲು ಹೋದಾಗಲೂ ಅವನು ಕೇಳಿದ ಮೊದಲ ಪ್ರಶ್ನೆ “‘ಕಲ್ಲೋ’, ‘ನೀರೋ’?” ಅಂತೆ. ಆ ಹುಡುಗಿ ಹೇಮಾ “ಎರಡೂ ಕೇಳಿಲ್ರಿ” ಎಂದು ಬಚಾವಾದಳು. ಈ ಜಗಳದಲ್ಲಿ ಅವನಿಗೆ ಸರಿಸಾಟಿ ಸಿರುಗುಪ್ಪದ ಹಂಪೇಶ್ ಒಬ್ಬನೇ. ‘ನೀರು’ ರೆಕಾರ್ಡ್ ಆದದ್ದು ತನ್ನ ತಾಲೂಕಿನ ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಎಂಬ ಹೆಮ್ಮೆಯಿಂದ, ಭಾನುವಾರ ಬಸ್ಸಿಳಿದವನೇ ವಾದಕ್ಕೆ ಕೂರುತ್ತಿದ್ದ. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಅವನ ದನಿ ಹೋಯಿತು. ಆದರೂ ಬರುತ್ತಾನೆ, ಅದೇ ಬೆಂಚಿನಲ್ಲಿ ಕೂರುತ್ತಾನೆ. ಮೊನ್ನೆ ತಿಪ್ಪೇಶನನ್ನು ಮೆಚ್ಚಿಸಲೆಂದು ನಾನು, “‘ಕಲ್ಲು’ ಮುಂದೆ ‘ನೀರು’ ಏನೂ ಅಲ್ಲ ಬಿಡು” ಎಂದೆ. ತಿಪ್ಪೇಶ ನನ್ನ ಮೇಲೆ ಹರಿಹಾಯ್ದ. “‘ನೀರು’ ಬಗ್ಗೆ ನಿನಗೇನ್ ಗೊತ್ತೈತಲೇ?” ಎಂದು ಹಂಪೇಶನ ಹಳೆಯ ವಾದಗಳನ್ನೆಲ್ಲ ಹಂಪೇಶನದೇ ಕೈಸನ್ನೆಗಳೊಂದಿಗೆ ನನ್ನ ಮುಂದೆ ಸುರಿದ. ಮುಗಿಸಿದಾಗ ಹಂಪೇಶ್ ಇನ್ನೂ ಒಂದು ಉಳಿದಿದೆ ಎಂಬಂತೆ ತಲೆಯಲ್ಲಾಡಿಸಿ, ಬೆರಳಿನಿಂದ ಬೆಂಚಿನ ಮೇಲೆ ಒಂದು ತಾಳ ತಟ್ಟಿದ. “ಹೌದಪಾ, ಆ ಡ್ರಮ್ಮಿನ ಮಾತು ಮರ್ತೇಬಿಟ್ಟಿದ್ದೆ” ಎಂದ ತಿಪ್ಪೇಶ, ಮತ್ತೆ ಮೊದಲಿನಿಂದ ನನ್ನನ್ನು ಬೈಯತೊಡಗಿದ.