ನೂಲಿನ ಕುಲಾಯಿ

ರೂತವ್ವ ನಿದ್ದೆ ಮಾಡುವುದನ್ನು ನಾನು ನೋಡಿದ್ದು ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ. ಅಫಜಲಪುರದ ಅಂಚಿನಲ್ಲಿದ್ದ ಸಣ್ಣ ಚರ್ಚಿನ ಹಿಂದಿನ ಗೋಡೆಗೆ ಒರಗಿ, ಊದಿದ ಕಾಲುಗಳನ್ನು ಚಾಚಿ, ಬಾಯಿ ಅರೆ ತೆರೆದು ಆಕೆ ನಿದ್ದೆ ಹೋಗುತ್ತಿದ್ದಳು. ಕೈಗಳಿಗೆ ಮಾತ್ರ ನಿದ್ದೆಯಿರಲಿಲ್ಲ. ಮಡಿಲಲ್ಲಿದ್ದ ಎರಡು ಕಡ್ಡಿಗಳು ಉಣ್ಣೆಯ ಕುಣಿಕೆಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತಿದ್ದವು. ಎಲ್ಲರೂ ಆಮೆನ್ ಎಂದಾಗ ಕಣ್ಣು ಬಿಟ್ಟು, ಎಲ್ಲರಿಗಿಂತ ಗಟ್ಟಿಯಾಗಿ ತಾನೂ ಆಮೆನ್ ಎಂದು, ಹೆಣಿಕೆ ಎಷ್ಟು ಉದ್ದವಾಯಿತೆಂದು ಗೇಣಿನಿಂದ ಅಳೆಯುತ್ತಿದ್ದಳು.

ಅದೇ ಚರ್ಚಿನಲ್ಲಿ ವಾರದ ದಿನ ಹೆಣ್ಣುಮಕ್ಕಳ ಸಾಲೆ ನಡೆಯುತ್ತಿತ್ತು. ನಿಜಾಮರ ಕಾಲದ ಆ ಊರಿನಲ್ಲಿ ಹುಡುಗಿಗೆ ಓದು ಯಾಕೆ ಎಂದು ಕೇಳುವವರೇ ಹೆಚ್ಚು. ನಮ್ಮಪ್ಪ ಹಟ ಹಿಡಿದು ನನ್ನನ್ನು ಕಳಿಸಿದರು. ಅಜ್ಜಿ ಒಂದು ಷರತ್ತು ಹಾಕಿ ಒಪ್ಪಿದಳು. ಸಾಲೆಯಿಂದ ಬಂದವಳು ಹಿತ್ತಲ ಬಾಗಿಲಿಂದ ಬರಬೇಕು, ಉಟ್ಟ ಬಟ್ಟೆ ನೀರಿಗೆ ಹಾಕಬೇಕು, ಮಿಂದು ಒಳಗೆ ಕಾಲಿಡಬೇಕು. ಐದು ವರ್ಷ ನಾನು ದಿನಕ್ಕೆರಡು ಸಲ ಮಿಂದೆ. ವಿದ್ಯೆ ಎಷ್ಟು ಹತ್ತಿತೋ ಗೊತ್ತಿಲ್ಲ, ನೆಗಡಿ ಮಾತ್ರ ಬಿಡಲಿಲ್ಲ.

ಚರ್ಚಿನ ಕಸ ಹೊಡೆಯುವುದು, ಕಂದೀಲಿನ ಗಾಜು ಒರೆಸುವುದು, ಗಂಟೆ ಬಾರಿಸುವುದು, ಕೇರಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವುದು, ಯಾರಾದರೂ ಸತ್ತರೆ ಮೈ ತೊಳೆಸುವುದು ಎಲ್ಲವೂ ರೂತವ್ವನ ಪಾಲಿಗೆ ಬಂದಿದ್ದವು. ಯಾರು ಹಚ್ಚಿದ ಕೆಲಸವೆಂದು ಕೇಳಿದರೆ ಆಕೆಗೂ ಹೇಳಲು ಬರುತ್ತಿರಲಿಲ್ಲ. "ಸಾಕಾಗ್ಯದ ಬೇ, ಇದೊಂದು ಮುಗಿಸಿ ಕೂಡ್ತೇನಿ" ಎನ್ನುವುದು ಆಕೆಯ ಬಾಯಿಯ ಮಾತು. ಇದೊಂದು ಎನ್ನುವುದು ಮುಗಿದದ್ದನ್ನು ನಾನು ಕಾಣೆ.

ಇವೆಲ್ಲದರ ನಡುವೆ ಕುಲಾಯಿ. ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಕೂಸಿನ ಟೋಪಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಊರಲ್ಲಿ ಯಾವ ಜಾತಿಯ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಸೂಲಗಿತ್ತಿಯಿಂದ ಸುದ್ದಿ ತಿಳಿದು, ರೂತವ್ವ ಒಂದು ಉಣ್ಣೆಯ ಕುಲಾಯಿ ಹೆಣೆದು ಒಯ್ದು ಕೊಡುತ್ತಿದ್ದಳು. ಹೆಣೆಯುವುದನ್ನು ಕಲಿಸಿದವರು ಚರ್ಚಿನ ಮಿಸ್ಸಮ್ಮ. ಉಣ್ಣೆಯ ಲಡಿಗಳೂ ಅವರ ದೇಶದಿಂದಲೇ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಕಡ್ಡಿಗಳು ಮಾತ್ರ ಊರಿನವು. ಮುರಿದ ಛತ್ರಿಯಿಂದ ಕಿತ್ತು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಂಡಿದ್ದಳು. ಅಂಥದೇ ಒಂದು ಜೋಡಿ ನನಗೂ ಕೊಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ಹೆಣೆಯುವುದನ್ನು ಕಲಿಸಿದಳು. ಇಷ್ಟೆಲ್ಲ ಯಾಕೆ ದಣಿಯುತ್ತೀ ಎಂದು ಒಮ್ಮೆ ಕೇಳಿದ್ದೆ.

"ಹುಟ್ಟಿದ ಕೂಸಿಗೆ ಬಂದ್ಯಾ ಅಂತ ಊರಾಗ ಯಾರರ ಒಬ್ರು ಕೇಳಬೇಕಲ್ಲ ತಂಗಿ" ಎಂದಳು.

ಕೇಳುವುದೇನೋ ಸರಿ, ಆದರೆ ಆಕೆಯನ್ನು ಒಳಗೆ ಬಿಡುವ ಮನೆಗಳು ಊರಲ್ಲಿ ಹೆಚ್ಚಿರಲಿಲ್ಲ. ಆಕೆಯ ತಾಯಿತಂದೆ ಹೊಲಗೇರಿಯಿಂದ ಚರ್ಚಿಗೆ ಬಂದವರು. ಹೆಸರು ಬದಲಾಗಿತ್ತು, ದೇವರು ಬದಲಾಗಿದ್ದ, ನಮ್ಮ ಮನೆಯ ಕಟ್ಟೆ ಬದಲಾಗಿರಲಿಲ್ಲ. ರೂತವ್ವ ಕಟ್ಟೆಯ ಆಚೆಗೇ ನಿಲ್ಲಬೇಕಿತ್ತು. ಅದರಲ್ಲಿ ಒಂದು ಸಂದು ಸಿಕ್ಕಿದ್ದು ಉಣ್ಣೆಯಿಂದ. ನಮ್ಮಂಥ ಮಡಿವಂತ ಮನೆಗಳಲ್ಲಿ ಉಣ್ಣೆಗೆ ಮೈಲಿಗೆ ತಗಲುವುದಿಲ್ಲ. ಯಾರು ಮುಟ್ಟಿದರೂ ಅದು ಮಡಿಯೇ. ಹತ್ತಿಯ ಬಟ್ಟೆಯಾದರೆ ನೀರು ಬೀಳಬೇಕು. ಹೀಗಾಗಿ ನನ್ನ ತಮ್ಮನಿಗೆ ಹೆಸರಿಟ್ಟ ದಿನ ಆಕೆ ಕಟ್ಟೆಯ ಮೇಲಿಟ್ಟ ಹಳದಿ ಕುಲಾಯಿಯನ್ನು ಅಜ್ಜಿ ಹಾಗೇ ಎತ್ತಿಕೊಂಡು ಹೋಗಿ ಕೂಸಿನ ತಲೆಗೆ ಕಟ್ಟಿದಳು. ಆಮೇಲೆ ಎತ್ತರದಿಂದ ರೂತವ್ವನ ಸೆರಗಿಗೆ ಎರಡು ಬೊಗಸೆ ಜೋಳ ಸುರಿದಳು. ಆ ಜೋಳ ಚರ್ಚಿನ ಕಾಣಿಕೆಯ ಬುಟ್ಟಿಗೆ ಹೋಯಿತು.

ಮರುದಿನ ಸಾಲೆಯಲ್ಲಿ ನನಗೆ ಹೇಳಿದಳು: "ನಾ ಕಟ್ಟಿ ತನಕ ಬರ್ತೇನಿ, ನನ್ನ ಕೈಕೆಲಸ ತೊಟ್ಟಿಲ ತನಕ ಹೋಗ್ತದ. ಅಷ್ಟು ಸಾಕು."

ನಾನು ಮದುವೆಯಾಗಿ ಆಳಂದದ ಗಂಡನ ಮನೆಗೆ ಹೋದ ಮೇಲೆ ಎರಡನೆಯ ಮಹಾಯುದ್ಧ ಶುರುವಾಯಿತು. ಮಿಸ್ಸಮ್ಮ ತಮ್ಮ ದೇಶಕ್ಕೆ ಹೊರಟರು. ಹೊರಡುವಾಗ ತಾವು ತೊಡುತ್ತಿದ್ದ ಕೆಂಪು ಉಣ್ಣೆಯ ಸ್ವೆಟರನ್ನು ರೂತವ್ವನ ಹೆಗಲಿಗೆ ಹಾಕಿ ಹೋದರಂತೆ. ಆಕೆ ಅದನ್ನು ಪ್ರತಿ ಆದಿತ್ಯವಾರ, ಚೈತ್ರದ ಬಿಸಿಲಿನಲ್ಲೂ, ತೊಟ್ಟುಕೊಂಡೇ ಗಂಟೆ ಬಾರಿಸುತ್ತಿದ್ದಳು. ಪೆಟ್ಟಿಗೆ ಬರುವುದು ನಿಂತುಹೋಯಿತು. ಉಣ್ಣೆಯೆಲ್ಲ ಸಿಪಾಯಿಗಳ ಪಾಲಾಯಿತು ಎಂದು ಜನ ಹೇಳುತ್ತಿದ್ದರು. ಕುರುಬರ ಕರಿ ಉಣ್ಣೆಯಲ್ಲಿ ಒಂದೆರಡು ಕುಲಾಯಿ ಹೆಣೆದು ನೋಡಿದಳಂತೆ. ಕೂಸಿನ ನೆತ್ತಿಗೆ ಚುಚ್ಚಿ ಗುಳ್ಳೆ ಎದ್ದವು. ಆಮೇಲೆ ಹತ್ತಿಯ ನೂಲನ್ನು ಎರಡೆಳೆ ಹೊಸೆದು ಹೆಣೆಯತೊಡಗಿದಳು.

ಚೊಚ್ಚಲ ಬಾಣಂತನಕ್ಕೆ ನಾನು ಅಫಜಲಪುರಕ್ಕೆ ಬಂದದ್ದು ಆ ದಿನಗಳಲ್ಲೇ. ಪುಷ್ಯ ಮಾಸದ ಥಂಡಿಯಲ್ಲಿ ಮಗಳು ಹುಟ್ಟಿದಳು. ಹತ್ತು ದಿನ ಹೆರಿಗೆಯ ಮೈಲಿಗೆ. ನನ್ನನ್ನೂ ಕೂಸನ್ನೂ ಯಾರೂ ಮುಟ್ಟುವಂತಿಲ್ಲ. ಸೂಲಗಿತ್ತಿ ಬಂದು ಎರೆದು ಹೋಗುವಳು, ತಾಟನ್ನು ಹೊಸ್ತಿಲ ಬಳಿ ಇಟ್ಟು ಸರಿಯುವರು. ಮೂಲೆಯ ಕೋಣೆಯಲ್ಲಿ ಮಲಗಿದವಳಿಗೆ ಅಂಗಳಕ್ಕೆ, ಕಟ್ಟೆಯ ಪಕ್ಕಕ್ಕೇ ತೆರೆಯುವ ಒಂದು ಕಿಟಕಿಯೇ ಜಗತ್ತು.

ಏಳನೆಯ ದಿನವೋ ಎಂಟನೆಯ ದಿನವೋ ರೂತವ್ವ ಬಂದಳು. ಕಟ್ಟೆಯ ಆಚೆ ನಿಂತು, ಸೊಂಟಕ್ಕೆ ಕೈಯಿಟ್ಟು ಉಸಿರು ತೆಗೆದುಕೊಂಡಳು. ಕೈಯಲ್ಲಿ ಬೆಳ್ಳನೆಯ ಕುಲಾಯಿ ಇತ್ತು. ಕಟ್ಟೆಯ ಮೇಲೆ ಕೂಡಲೇ ಇಡದೆ ಹಿಡಿದೇ ನಿಂತು, ಒಮ್ಮೆ ನನ್ನ ಕಿಟಕಿಯ ಕಡೆ ನೋಡಿದಳು. ನಾನು ನಕ್ಕೆ. ಅಷ್ಟರಲ್ಲಿ ಅಜ್ಜಿ ಬಂದು ಇಡು ಎಂದಳು, ಇಟ್ಟಳು. ಬಗ್ಗಿ ನೋಡಿದ ಅಜ್ಜಿಗೆ ಅದು ಉಣ್ಣೆಯಲ್ಲವೆಂದು ತಿಳಿಯಿತು.

"ಇದು ನೂಲಿಂದು ಬೇ" ಎಂದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು, ಕಟ್ಟೆಯ ಮೇಲಿದ್ದ ಕುಲಾಯಿಗೆ ನಿಧಾನವಾಗಿ ಸುರಿದಳು.

ಅಜ್ಜಿಯಲ್ಲಿ ಕೋಪವಿರಲಿಲ್ಲ, ತಿರಸ್ಕಾರವೂ ಇರಲಿಲ್ಲ. ಅಂಗಡಿಯಿಂದ ಬಂದ ಸೀರೆಯನ್ನೂ, ಸಾಲೆಯಿಂದ ಬಂದ ನನ್ನನ್ನೂ ಹೇಗೆ ನೀರಿಗೆ ಹಾಕುತ್ತಿದ್ದಳೋ ಹಾಗೇ. ನೀರು ಕುಡಿದ ನೂಲು ಜೋತುಬಿದ್ದು, ಅಂಗೈಯಷ್ಟಿದ್ದ ಕುಲಾಯಿ ಎರಡಂಗೈಯಾಯಿತು. ರೂತವ್ವ ಕೊನೆಯ ಹನಿಯವರೆಗೂ ನೋಡುತ್ತ ನಿಂತಿದ್ದಳು.

"ಹೌದ್ರಿ ಬಾಯಾರ, ನೂಲಿಗೆ ನೀರು ಬೇಕೇ ಬೇಕು" ಎಂದು ಹೇಳಿ, ಜೋಳಕ್ಕೂ ನಿಲ್ಲದೆ ಹೊರಟುಹೋದಳು.

ಅಂಗಳದ ಹಗ್ಗದ ಮೇಲೆ ಆ ಕುಲಾಯಿ ಒಣಗುವುದನ್ನು ನೋಡುತ್ತ ಮಲಗಿದ್ದಾಗ ನನಗೆ ಹೊಳೆಯಿತು. ನಾನೂ ಮೈಲಿಗೆಯಲ್ಲೇ ಇದ್ದೆನಲ್ಲ. ಕಿಟಕಿಯಿಂದ ಕೈ ಚಾಚಿ ಇಲ್ಲಿ ಕೊಡು ಎಂದಿದ್ದರೆ ಒಂದು ಹನಿ ನೀರೂ ಬೇಕಿರಲಿಲ್ಲ. ಹನ್ನೊಂದನೆಯ ದಿನ ಹೇಗೂ ಕೋಣೆಯ ಬಟ್ಟೆಯೆಲ್ಲ ನೀರಿಗೆ ಬೀಳುತ್ತಿತ್ತು. ಅವಳ ಕುಲಾಯಿಯೂ ನನ್ನ ಸೀರೆಯ ಜೊತೆಗೇ ನೆನೆಯುತ್ತಿತ್ತು. ಒಂದೇ ಮಾತು ಸಾಕಿತ್ತು. ನಾನು ಹಲ್ಲು ಕಿರಿದು ಸುಮ್ಮನಿದ್ದೆ.

ಹೆಸರಿಡುವ ದಿನ ಆಕೆ ಮತ್ತೆ ಬಂದಳು. ಈ ಸಲ ಕಟ್ಟೆಯ ಮೇಲೆ ಕೆಂಪು ಉಣ್ಣೆಯ ಕುಲಾಯಿ. ಉಣ್ಣೆ ಸಿಕ್ಕಿತಲ್ಲ ಎಂದು ಅಜ್ಜಿ ಸಂತೋಷದಿಂದ ಕೈಯಲ್ಲೇ ಎತ್ತಿಕೊಂಡಳು. ನನ್ನ ಕೈಗೆ ಬಂದಾಗ ಎಳೆಗಳು ಅಂಕುಡೊಂಕಾಗಿರುವುದು ಕಂಡಿತು. ಹೊಸ ಉಣ್ಣೆ ಹಾಗಿರುವುದಿಲ್ಲ. ಹೆಣೆದದ್ದನ್ನು ಬಿಚ್ಚಿದ ಉಣ್ಣೆ ಹಾಗಿರುತ್ತದೆ. ಇದನ್ನು ಕಲಿಸಿದವಳೂ ಅವಳೇ. ಹೊಸ್ತಿಲಿಗೆ ಬಂದು ಸ್ವೆಟರ್ ಏನಾಯಿತೆಂದು ಕೇಳಿದೆ. ಸೆರಗನ್ನು ಎರಡು ಸುತ್ತು ಬಿಗಿಯಾಗಿ ಹೊದ್ದು ನಿಂತಿದ್ದಳು.

"ಬಿಚ್ಚಿದೆ ತಂಗಿ. ಹೊತ್ತು ಹೊತ್ತು ಸಾಕಾಗಿತ್ತು. ಈ ಥಂಡ್ಯಾಗ ಎಂಟು ಕೂಸಿಗೆ ಆಗ್ತದ" ಎಂದಳು.

ಮಗಳು ಆ ಕೆಂಪು ಕುಲಾಯಿಯನ್ನು ಎರಡು ಚಳಿಗಾಲ ತೊಟ್ಟಳು.

ಯುದ್ಧ ಮುಗಿದ ಮೇಲೆ ಸೊಲ್ಲಾಪುರದಿಂದ ನೀಲಿ ಉಣ್ಣೆ ತರಿಸಿ, ಆಕೆ ಕೊಟ್ಟ ಛತ್ರಿ ಕಡ್ಡಿಗಳಿಂದಲೇ ಒಂದು ಸ್ವೆಟರ್ ಹೆಣೆಯಲು ಕೂತೆ. ಮನೆಗೆಲಸ, ಮಕ್ಕಳು, ಅತ್ತೆಯ ಕಾಯಿಲೆಯ ನಡುವೆ ಅದು ವರ್ಷಗಟ್ಟಲೆ ಎಳೆಯಿತು. ಮುಗಿಸಿ ಒಯ್ದಾಗ ರೂತವ್ವ ಅಫಜಲಪುರದಲ್ಲಿರಲಿಲ್ಲ. ಕಣ್ಣು ಮಂಜಾಗಿ, ಜೇವರ್ಗಿಯ ತಂಗಿಯ ಮಗಳ ಮನೆ ಸೇರಿದ್ದಳು. ನಮ್ಮ ಯಜಮಾನರಿಗೆ ಅಲ್ಲಿಯ ಕಚೇರಿಗೆ ವರ್ಗವಾದಾಗ, ಭೀಮಾ ದಾಟಿ ಹೋದ ವಾರದಲ್ಲೇ ಹುಡುಕಿಕೊಂಡು ಹೋದೆ.

ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ದನಿಯಿಂದ ಗುರುತು ಹಿಡಿದಳು. ಮಡಿಲಲ್ಲಿ ಕಡ್ಡಿಗಳಿರಲಿಲ್ಲ, ಬೆರಳುಗಳು ಮಾತ್ರ ಸೆರಗಿನ ಅಂಚನ್ನು ತಿರುವುತ್ತಲೇ ಇದ್ದವು. ಸ್ವೆಟರನ್ನು ಕೈಗಿಟ್ಟೆ. ತೋಳಿನಿಂದ ತೋಳಿಗೆ ಸವರಿ, ಬೆನ್ನಿನ ಹತ್ತಿರ ಬೆರಳು ನಿಲ್ಲಿಸಿ, ಇಲ್ಲೊಂದು ಕುಣಿಕೆ ಬಿಟ್ಟೀ ಎಂದಳು. ನಿಜವೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಆ ದಿನ ಕಿಟಕಿಯಿಂದ ಕೈ ಚಾಚಬೇಕಿತ್ತು, ನನಗೆ ತಡವಾಗಿ ಹೊಳೆಯಿತು, ತಪ್ಪಾಯಿತು ಎಂದು ಹೇಳಿದೆ.

ಆಕೆ ಆ ಬಿಟ್ಟ ಕುಣಿಕೆಯ ಮೇಲೆ ಬೆರಳಾಡಿಸಿದಳು.

"ನನಗ ಮೊದಲೇ ಹೊಳೆದಿತ್ತು ತಂಗಿ" ಎಂದಳು. "ಹತ್ತು ದಿನದ ಒಳಗ ಬಂದದ್ದೇ ಅದಕ್ಕ. ಹನ್ನೊಂದು ಆದ್ರ ನೀನೂ ಮಡಿ ಆಗಿ ಅವರಾಕಿ ಆಗ್ತಿದ್ದಿ. ಆ ಕುಲಾಯಿ ಮುಗಿಸಬೇಕಂತ ಎರಡು ದಿನ ಕೂತಲ್ಲಿಂದ ಎದ್ದಿಲ್ಲ."

ಆಕೆಯೇ ನನ್ನ ಕೈ ತಡಕಿ ಹಿಡಿದು, ಇರಲಿ ಬಿಡು, ಕೂಸು ಹ್ಯಾಂಗದ ಎಂದು ಕೇಳಿದಳು. ಸಾಲೆಗೆ ಹೋಗುತ್ತಾಳೆ ಎಂದೆ. ಬಂದ ಮೇಲೆ ಮೀಸುತ್ತೀಯೇನು ಎಂದು ನಕ್ಕಳು. ಇಲ್ಲ ಎಂದೆ. ಹೊರಡುವಾಗ ಸ್ವೆಟರನ್ನು ತೊಡಿಸಿ, ಗುಂಡಿ ಹಾಕಿ ಬಂದೆ. ಸಾಕಾಗ್ಯದ ತಂಗಿ, ಇನ್ನ ಮಲಗ್ತೇನಿ ಎಂದಳು. ಇದೊಂದು ಮುಗಿಸಿ ಎಂದು ಸೇರಿಸಲಿಲ್ಲ.

ಆ ಚಳಿಗಾಲ ಕಳೆಯುವ ಮೊದಲೇ ಹೋದಳು. ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ. ನೀಲಿ ಸ್ವೆಟರನ್ನು ತೊಡಿಸಿಯೇ ಮಲಗಿಸಿದರೆಂದು ತಂಗಿಯ ಮಗಳು ಹೇಳಿದಳು. ಕೆಂಪು ಕುಲಾಯಿ ನುಸಿ ತಿಂದು ಎಂದೋ ಹಾಳಾಯಿತು. ಅಂದು ಒಣಗಿದ ಮೇಲೆ, ಕಟ್ಟಲು ಮನಸ್ಸಾಗದೆ, ನಾನು ಎತ್ತಿಟ್ಟ ನೂಲಿನದು ಮಾತ್ರ ನನ್ನ ಟ್ರಂಕಿನ ತಳದಲ್ಲಿ ಹಾಗೇ ಇದೆ. ಈಗ ಮೊಮ್ಮಕ್ಕಳು ಅದನ್ನು ತೆಗೆದು ಇದು ಯಾರದೆಂದು ಕೇಳುತ್ತಾರೆ, ನಿಮ್ಮ ಅವ್ವನದು ಎನ್ನುತ್ತೇನೆ. ಅವಳು ಅದನ್ನು ಒಂದು ದಿನವೂ ತೊಡಲಿಲ್ಲ.