ಹೆಸರೊಳಗಿನ ಪೆಟ್ಟಿಗೆ

ಐಲಿಫ್ ಸ್ಟೆನ್‌ವಿಕ್ ಏನು ಕೆಲಸ ಮಾಡುತ್ತಾನೆಂದು ಅವನ ಹೆಂಡತಿ ಗುಡ್ನಿಗೆ ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಕಾಗದ ಮಾಡ್ತಾನೆ" ಎಂದುಬಿಡುತ್ತಿದ್ದಳು. ಕೇಳಿದವರು ಅವನು ಯಾವುದೋ ಕಾಗದದ ಕಾರ್ಖಾನೆಯಲ್ಲಿದ್ದಾನೆ ಎಂದುಕೊಂಡು ಸುಮ್ಮನಾಗುತ್ತಿದ್ದರು. ಐಲಿಫ್ ಕೂಡ ತಿದ್ದಲು ಹೋಗುತ್ತಿರಲಿಲ್ಲ. ವಿವರಿಸುವುದಕ್ಕಿಂತ ಹಾಗೆ ಬಿಡುವುದೇ ಸುಲಭವಾಗಿತ್ತು.

ಉತ್ತರ ನಾರ್ವೆಯ ಆ ಬಂದರು ಊರಿನಲ್ಲಿ, ಮೀನಿನ ಶೈತ್ಯಾಗಾರದ ಮೇಲಿನ ಅಂತಸ್ತಿನಲ್ಲಿ, ಸುತ್ತಮುತ್ತಲಿನ ಸಣ್ಣ ಪುರಸಭೆಗಳೆಲ್ಲ ಸೇರಿ ನಡೆಸುವ ಕಂಪ್ಯೂಟರ್ ಕಚೇರಿಯಿತ್ತು. ಮಗುವಿಗೆ ಶಿಶುವಿಹಾರದಲ್ಲಿ ಜಾಗ ಸಿಕ್ಕಿತೆಂಬ ಪತ್ರ, ಬಂದರಿನ ಧಕ್ಕೆಯಲ್ಲಿ ದೋಣಿ ಕಟ್ಟಿಹಾಕಲು ಅನುಮತಿ, ಸಂಜೆ ತರಗತಿ ಮುಗಿಸಿದ್ದಕ್ಕೆ ಪ್ರಮಾಣಪತ್ರ, ಇಂಥವುಗಳನ್ನು ಜನ ಮನೆಯಿಂದಲೇ ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದರು. ಎಲ್ಲೋ ಕಪಾಟಿನಲ್ಲಿ ಜೋಡಿಸಿಟ್ಟ ಪತ್ರವನ್ನು ತೆಗೆದುಕೊಡುತ್ತಾರೆಂದು ಅವರ ಭಾವನೆ. ನಿಜಕ್ಕೂ ಅವರು ಗುಂಡಿ ಒತ್ತುವವರೆಗೆ ಆ ಪತ್ರವೇ ಇರುತ್ತಿರಲಿಲ್ಲ. ಒತ್ತಿದ ಕ್ಷಣ ಐಲಿಫನ ಸರ್ವರ್ ಅವರ ಹೆಸರು, ತಾರೀಕು, ವಿಷಯ ಹುಡುಕಿ ತಂದು, ಖಾಲಿ ನಮೂನೆಯೊಳಗೆ ತುಂಬಿ, ನೆತ್ತಿಯ ಮೇಲೆ ಪುರಸಭೆಯ ಲಾಂಛನ, ಬುಡದಲ್ಲಿ ಸಹಿ ಇಟ್ಟು, ಪಿಡಿಎಫ್ ಮಾಡಿ ಕಳಿಸುತ್ತಿತ್ತು. ಒತ್ತಿದವರು ಒಂದು ಸಲ ಆಕಳಿಸುವುದರೊಳಗೆ ಇಷ್ಟೆಲ್ಲ ಮುಗಿದಿರುತ್ತಿತ್ತು.

ಐಲಿಫ್ ಹಿಂದೆ ಊರಿನ ಪತ್ರಿಕೆಯಲ್ಲಿ ಪುಟ ಕಟ್ಟುವವನಾಗಿದ್ದ. ಪತ್ರಿಕೆ ಮುಚ್ಚಿದಾಗ, ಪುಟದ ಅಂದ ಗೊತ್ತಿರುವವನು ಎಂದು ಇಲ್ಲಿಗೆ ಕರೆದುಕೊಂಡಿದ್ದರು. ಆಗ ಅವನಿಗೆ ಹುಮ್ಮಸ್ಸಿತ್ತು. ಸಾಲಿನ ನಡುವಿನ ಅಂತರಕ್ಕಾಗಿ ಜಗಳವಾಡುತ್ತಿದ್ದ. ಈಗ ಅರವತ್ತರ ಹತ್ತಿರ, ಅವನಲ್ಲಿ ಉಳಿದಿದ್ದದ್ದು ದಣಿವು. ಪತ್ರ ಬರಲಿಲ್ಲ ಎಂದು ಫೋನ್ ಬರುತ್ತಿತ್ತು. ಬಂತು, ತೆರೆಯುತ್ತಿಲ್ಲ ಎಂದು ಬರುತ್ತಿತ್ತು. ತೆರೆಯಿತು, ಪುಟ ಖಾಲಿ ಎಂದು ಬರುತ್ತಿತ್ತು. ಸರಿಯಾಗಿ ಬಂದ ಪತ್ರದ ಬಗ್ಗೆ ಒಂದು ದಿನವೂ ಯಾರೂ ಫೋನ್ ಮಾಡಿದವರಿಲ್ಲ. ಸಾಲದ್ದಕ್ಕೆ, ಬರುವ ವಸಂತಕ್ಕೆ ಈ ಎಲ್ಲ ವ್ಯವಸ್ಥೆಯನ್ನು ದಕ್ಷಿಣದ ಯಾವುದೋ ಕಂಪನಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದು ಎಂದು ಕಚೇರಿಯ ಮುಖ್ಯಸ್ಥೆ ಯೊರುನ್ ಕಟ್ಟಪ್ಪಣೆ ಮಾಡಿದ್ದಳು. ಸಾಯಲು ಬಿಟ್ಟ ಕುದುರೆಗೆ ದಿನಾ ಮೈ ತಿಕ್ಕಿದಂತಿತ್ತು ಅವನ ಕೆಲಸ.

ಜನವರಿಯ ಒಂದು ಬೆಳಿಗ್ಗೆ, ಚಳಿಗಾಲದ ನಡುವೆ ವಾರಗಟ್ಟಲೆ ಹುಟ್ಟದ ಸೂರ್ಯ ಇನ್ನೂ ಆ ಕಡೆಗೆ ಮುಖ ಮಾಡದ ದಿನಗಳಲ್ಲಿ, ಫೋನ್ ಬಂತು.

"ನನ್ನ ಹೆಸರೊಳಗೆ ಒಂದು ಪೆಟ್ಟಿಗೆ ಇಟ್ಟಿದ್ದೀರಲ್ಲ, ಅದ್ರಲ್ಲಿ ಏನಿದೆ?" ಎಂದಿತು ಆ ಕಡೆಯ ದನಿ. ಮುದುಕಿಯ ದನಿ, ಆದರೆ ಗಟ್ಟಿ.

"ಏನಮ್ಮ? ಯಾವ ಪೆಟ್ಟಿಗೆ?"

"ಅದನ್ನೇ ನಾನು ಕೇಳ್ತಿರೋದು. ಪ್ರಮಾಣಪತ್ರ ಅಂತ ಕೊಟ್ಟಿದ್ದೀರಿ. ಇ ಇದೆ, ಆಮೇಲೊಂದು ಪೆಟ್ಟಿಗೆ, ಆಮೇಲೆ ಗಾ. ನನ್ನ ಹೆಸರು ಇಂಗಾ. ಪೆಟ್ಟಿಗೆ ಅಂತ ನಮ್ಮಪ್ಪ ಇಟ್ಟಿರಲಿಲ್ಲ."

ಐಲಿಫ್ ತನ್ನ ಪರದೆಯ ಮೇಲೆ ಆ ಪತ್ರವನ್ನು ಮತ್ತೊಮ್ಮೆ ಮಾಡಿಸಿ ನೋಡಿದ. ಮುದುಕಿ ಹೇಳಿದ್ದು ನಿಜ. ಒಳನಾಡಿನ ಇಂಗಾ ಬುಲ್ಯೋ ಎಂಬವಳು ಪುರಸಭೆಯ ಸಂಜೆ ತರಗತಿಯಲ್ಲಿ ಉತ್ತರದ ಮೂಲನಿವಾಸಿಗಳಾದ ಸಾಮಿಗಳ ಭಾಷೆಯ ಓದು-ಬರಹ ಮುಗಿಸಿದ್ದಾಳೆಂದು ಅದು ಹೇಳುತ್ತಿತ್ತು. ಅವಳ ಹೆಸರನ್ನು ಸಾಮಿಯಲ್ಲಿ ಬರೆಯುವಾಗ ನಡುವೆ ಬರುವುದು ಮೂಗಿನಲ್ಲಿ ನುಡಿಯುವ ಒಂದು ಅಕ್ಷರ. ನೋಡಲು ನಾರ್ವೇಜಿಯನ್ನಿನ ನಕಾರದಂತೆಯೇ, ಬಲಗಾಲು ಮಾತ್ರ ಸಾಲಿನ ಕೆಳಗಿಳಿದು ಕೊಕ್ಕೆಯಾಗಿರುತ್ತದೆ. ಅದಿರಬೇಕಾದ ಜಾಗದಲ್ಲಿ ಒಂದು ಖಾಲಿ ಚೌಕವಿತ್ತು. ಶರತ್ಕಾಲದಲ್ಲಿ ಸರ್ವರನ್ನು ಹೊಸ ಯಂತ್ರಕ್ಕೆ ಸಾಗಿಸಿದ್ದರು. ಹಳೆಯದರಲ್ಲಿದ್ದ ಫಾಂಟ್ ಹೊಸದಕ್ಕೆ ಬಂದಿರಲಿಲ್ಲ. ಯಂತ್ರ ತನ್ನ ಬಳಿಯಿದ್ದ ಬೇರೊಂದನ್ನು ಹಾಕಿಕೊಂಡು ಕೆಲಸ ನಡೆಸಿತ್ತು. ನಮೂನೆಗಳನ್ನೆಲ್ಲ ಅದರ ಅಳತೆಗೆ ಹೊಂದಿಸಿದ್ದೂ ಆಗಿತ್ತು. ಅದರಲ್ಲಿ ಸಾಮಿ ಅಕ್ಷರಗಳಿರಲಿಲ್ಲ. ಇಲ್ಲದ ಅಕ್ಷರ ಬಂದಾಗಲೆಲ್ಲ ಯಂತ್ರ ಚೌಕ ಬರೆದು ಮುಂದೆ ಹೋಗುತ್ತಿತ್ತು. ತಪ್ಪಾಯಿತೆಂದು ಎಲ್ಲೂ ದೂರುತ್ತಿರಲಿಲ್ಲ.

ಯೊರುನಳ ಕೋಣೆಗೆ ಹೋಗಿ ವಿಷಯ ಹೇಳಿದ. ಅವಳು ಕನ್ನಡಕ ಹಣೆಗೇರಿಸಿ ಕಣ್ಣುಜ್ಜಿಕೊಂಡಳು.

"ಎಷ್ಟು ಜನ ಇರ್ತಾರೆ ಅಂಥ ಹೆಸರಿನವರು?"

"ಆ ತರಗತಿಯವರೆಲ್ಲ. ಇನ್ನೂ ಇರಬಹುದು."

"ಫಾಂಟ್ ಬದಲಾಯಿಸಿದ್ರೆ ಎಲ್ಲ ಪತ್ರಗಳೂ ಅಲ್ಲಾಡ್ತವೆ ಅಂತ ನೀನೇ ಹೇಳಿದ್ದೆ. ವಸಂತಕ್ಕೆ ಹೊಸದು ಬರುತ್ತೆ, ಐಲಿಫ್. ಅಲ್ಲಿವರೆಗೆ ಮಾಮೂಲಿ ನಕಾರ ಹಾಕಿ ಕೊಡು. ಇಂಗಾ ಅಂತಾನೇ ಓದ್ತಾರೆ. ಯಾರಿಗೇನು ನಷ್ಟ?"

ಅವಳು ಕೆಟ್ಟವಳಲ್ಲ. ಅವಳೂ ದಣಿದಿದ್ದಳು. ಅವಳ ಮಾತು ಕೇಳಿ ಐಲಿಫನಿಗೆ ಹಾಯೆನಿಸಿದ್ದೂ ಸುಳ್ಳಲ್ಲ. ಮುದುಕಿಗೆ ಫೋನ್ ಮಾಡಿ ಹಾಗೇ ಹೇಳಿದ. ಆ ಕಡೆ ನಾಯಿ ಬೊಗಳುವುದು ಕೇಳಿಸಿತು.

"ಅದು ಮಾಡೋದು ನೀನೇ ತಾನೇ? ನಿನ್ನ ಕಚೇರಿ ಎಲ್ಲಪ್ಪಾ ಇರೋದು?" ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆ ಮುದುಕಿ ಫೋನಿಟ್ಟಳು.

ಮರುದಿನ ಊಟದ ಹೊತ್ತಿಗೆ ಒಳನಾಡಿನ ಬಸ್ಸಿನಲ್ಲಿ ಬಂದಿಳಿದಳು. ಎತ್ತರವಿಲ್ಲದ ಹೆಂಗಸು, ಹಿಮಸಾರಂಗದ ತೊಗಲಿನ ಬೂಟು, ಕೆಂಪು ಟೊಪ್ಪಿಗೆ. ಐಲಿಫ್ ಅವಳನ್ನು ಕಾಫಿ ಕುಡಿಯುವ ಕೋಣೆಯಲ್ಲಿ ಕೂರಿಸಿದ. ಅವಳು ಕಾಫಿ ಮುಂದಿಟ್ಟುಕೊಂಡು, ಸೊಂಟದ ಚಾಕು ತೆಗೆದು, ಒಣಗಿಸಿದ ಸಾರಂಗದ ಮಾಂಸವನ್ನು ತೆಳ್ಳಗೆ ಹೆರೆದು ತಾನೂ ಬಾಯಿಗೆ ಹಾಕಿಕೊಂಡು ಅವನಿಗೂ ಕೊಟ್ಟಳು.

"ನನ್ನ ಹೆಸರು ಹೇಳು ನೋಡೋಣ" ಎಂದಳು.

ಐಲಿಫ್ ಹೇಳಿದ.

"ಈಗ ಮೂಗು ಹಿಡ್ಕೊಂಡು ಹೇಳು."

"ಏನಮ್ಮಾ ಇದು…"

"ಹಿಡ್ಕೋ ಅಂದೆ."

ಅವನು ಮೂಗು ಹಿಡಿದು ಹೇಳಲು ನೋಡಿದ. "ಇಗ್ಗಾ" ಎಂದಂತಾಯಿತು. ಮುದುಕಿ ಮೇಜು ತಟ್ಟಿ ನಕ್ಕಳು.

"ನೋಡು, ನಿನ್ನ ಯಂತ್ರಕ್ಕೂ ಅದೇ ಕಾಯಿಲೆ. ಮೂಗು ಕಟ್ಟಿದೆ. ಮೂಗು ಕಟ್ಟಿದವರು ಬೇರೆಯವರ ಹೆಸರು ಬದಲಾಯಿಸ್ತಾರಾ? ಮೂಗು ಒರೆಸ್ಕೋತಾರೆ."

ಐಲಿಫನಿಗೂ ನಗು ಬಂತು. ಆದರೆ ಕೈಲಾಗದವನ ನಗು. "ಇಂಗಾ, ನನಗೆ ಅರ್ಥ ಆಗುತ್ತೆ. ಆದರೆ ಅದೊಂದನ್ನ ಮುಟ್ಟಿದ್ರೆ ಇನ್ನೂರು ಕಡೆ ಕಿತ್ತುಹೋಗುತ್ತೆ. ಹೊಸದು ಬರೋವರೆಗೆ ಒಂದು ಸ್ವಲ್ಪ…"

"ನಾನು ಸಣ್ಣೋಳಿದ್ದಾಗ ನಮ್ಮನ್ನ ಕರಾವಳಿಯ ವಸತಿ ಶಾಲೆಗೆ ಹಾಕಿದ್ರು" ಎಂದಳು ಮುದುಕಿ, ಅವನ ಮಾತು ಕಿವಿಗೇ ಬೀಳದವಳಂತೆ. "ನನ್ನ ಮಂಚದ ಮೇಲೆ ಇಂಗೆರ್ ಅಂತ ಅವರ ಭಾಷೆಯ ಹೆಸರು ಬರೆದು ಚೀಟಿ ಅಂಟಿಸಿದ್ರು. ಕೋಟು ಹಾಕೋ ಗೂಟದ ಮೇಲೂ ಇಂಗೆರ್. ನಾನು ಯಾರೋ ಬೇರೆ ಹುಡುಗೀದು ಅಂದ್ಕೊಂಡು ಕೋಟನ್ನ ನೆಲದ ಮೇಲೆ ಇಡ್ತಿದ್ದೆ. ಅದಕ್ಕೆ ಏಟು ಬಿತ್ತು. ಆ ಹುಡುಗಿ ಬಂದು ನನ್ನ ಮಂಚ ಕೇಳಿದ್ರೆ ಏನು ಮಾಡೋದು ಅಂತ ರಾತ್ರಿಯೆಲ್ಲ ಭಯ. ಅವಳು ಬರಲೇ ಇಲ್ಲ." ಇನ್ನೊಂದು ಚೂರು ಹೆರೆದಳು. "ನಮ್ಮ ಮಾತಲ್ಲಿ ಬರೆಯೋದನ್ನ ಆಗ ಯಾರು ಕಲಿಸಬೇಕು? ಮಾತಾಡೋಕೆ ಬರ್ತಿತ್ತು, ಬರೆಯೋಕೆ ಬರ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಕಲಿತೆ. ಹಿಮದಲ್ಲಿ ಗಾಡಿ ಓಡಿಸ್ಕೊಂಡು ಹೋಗಿ ಕಲಿತೆ. ಆ ಕೊಕ್ಕೆ ಬರೆಯೋದೇ ನನಗೆ ಕಷ್ಟ ಆಗಿದ್ದು. ಕೈ ನಡುಗುತ್ತೆ, ಕೊಕ್ಕೆ ಎಲ್ಲೋ ಹೋಗುತ್ತೆ. ಕೊನೆಗೂ ಬಂತು. ಬರೆಯೋಕೆ ಬರುತ್ತೆ ಅಂತ ನೀವು ಕೊಟ್ಟ ಕಾಗದದಲ್ಲೇ ಅದಿಲ್ಲ."

ಕೆಳಗೆ ಶೈತ್ಯಾಗಾರದ ಯಂತ್ರ ಗುಂಯ್‌ಗುಡುತ್ತಿತ್ತು.

"ಮುಂದಿನ ತಿಂಗಳು ನಮ್ಮ ತರಗತಿಯವರದ್ದೊಂದು ಕೂಟ ಇದೆ" ಎಂದು ಇಂಗಾ ಎದ್ದಳು. "ಎಲ್ಲರೂ ಕಾಗದ ತರ್ತಾರೆ. ಪೆಟ್ಟಿಗೆ ತರೋ ಯೋಚನೆ ನನಗಿಲ್ಲ." ಉಳಿದ ಮಾಂಸವನ್ನು ಮೇಜಿನ ಮೇಲೇ ಬಿಟ್ಟು ಬಸ್ಸಿಗೆ ನಡೆದಳು.

ಆಮೇಲೆ ತಾನು ಯಾಕೆ ಹಾಗೆ ಮಾಡಿದೆ ಎಂದು ಐಲಿಫನಿಗೇ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಧೈರ್ಯ ಎಂದು ಅವನು ಎಂದೂ ಹೇಳಿಕೊಳ್ಳಲಿಲ್ಲ. ಮಾಡದೆ ಕೂರುವುದು ಮಾಡುವುದಕ್ಕಿಂತ ಹೆಚ್ಚು ದಣಿಸುತ್ತದೆ ಎನಿಸಿತ್ತು, ಅಷ್ಟೇ. ಆ ಮಧ್ಯಾಹ್ನವೇ ಹಳೆಯ ಫಾಂಟನ್ನು ಹುಡುಕಿ ತೆಗೆದು ಸರ್ವರಿಗೆ ಹಾಕಿದ. ನಮೂನೆಯಲ್ಲಿ ಅದನ್ನೇ ಬಳಸುವಂತೆ, ಪ್ರತಿ ಪತ್ರದ ಜೊತೆಗೇ ಅದು ಹೋಗುವಂತೆ ಬರೆದ. ಇಂಗಾಳ ಪತ್ರ ಮಾಡಿಸಿದ. ಕೊಕ್ಕೆ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಯೊರುನಳಿಗೆ ಹೇಳಲಿಲ್ಲ. ಮನೆಗೆ ಹೋಗಿ, ಗುಡ್ನಿ ಮಾಡಿದ್ದ ಮೀನಿನ ಉಂಡೆ, ಬೇಯಿಸಿದ ಆಲೂಗಡ್ಡೆ ತಿಂದು ಮಲಗಿದ.

ಮರುದಿನ ಬೆಳಿಗ್ಗೆ ಫೋನುಗಳು ಒಂದರ ಮೇಲೊಂದು ಹೊಡೆದುಕೊಳ್ಳತೊಡಗಿದವು. ಹಳೆಯ ಫಾಂಟಿನ ಅಕ್ಷರಗಳು ಕೂದಲೆಳೆಯಷ್ಟು ಹೆಚ್ಚು ಅಗಲ. ಅಷ್ಟೇ ಸಾಕಾಗಿತ್ತು. ಒಂದು ಪುಟದಲ್ಲಿ ಮುಗಿಯುತ್ತಿದ್ದ ಶಿಶುವಿಹಾರದ ಪತ್ರಗಳೆಲ್ಲ ಎರಡನೇ ಪುಟಕ್ಕೆ ಉಕ್ಕಿದ್ದವು. ಎರಡನೇ ಪುಟದಲ್ಲಿ ಒಂದು ಸಹಿ ಬಿಟ್ಟರೆ ಬೇರೇನಿಲ್ಲ. ಬಹಳ ಜನ ಮೊದಲ ಪುಟ ಮಾತ್ರ ಮುದ್ರಿಸಿಕೊಂಡು ಹೋಗಿ, ಸಹಿಯಿಲ್ಲವೆಂದು ಹೇಳಿಸಿಕೊಂಡು ವಾಪಸ್ಸಾಗಿದ್ದರು. ದೋಣಿಯವರ ಪತ್ರದಲ್ಲಿ ಲಾಂಛನದ ಮೇಲೆ ವಿಳಾಸ ಹತ್ತಿ ಕೂತಿತ್ತು.

ಯೊರುನ್ ಬಾಗಿಲಲ್ಲಿ ಬಂದು ನಿಂತಳು.

"ಮುಟ್ಟಬೇಡ ಅಂದಿದ್ದೆ."

"ಹೌದು."

"ಮುಟ್ಟಿದೆ."

"ಮುಟ್ಟಿದೆ."

"ವಾಪಸ್ ಹಾಕು, ಈಗಲೇ."

"ಹಾಕಿದ್ರೆ ಆ ಪೆಟ್ಟಿಗೆ ಮತ್ತೆ ಬರುತ್ತೆ, ಯೊರುನ್. ನನಗೆ ಆ ಹೆಂಗಸಿಗೆ ಇನ್ನೊಂದ್ಸಲ ಫೋನ್ ಮಾಡೋ ಶಕ್ತಿ ಇಲ್ಲ. ಬೇಕಾದ್ರೆ ನೀನು ಮಾಡು. ನಂಬರ್ ಕೊಡ್ತೀನಿ."

ಯೊರುನ್ ಒಳಗೆ ಬಂದಳು. ಕಾಫಿ ಕೋಣೆಯಿಂದ ಐಲಿಫ್ ತಂದಿಟ್ಟುಕೊಂಡಿದ್ದ ಮಾಂಸದ ಚೂರೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. "ಹಾಗಾದ್ರೆ ಉಳಿದದ್ದನ್ನ ನೀನೇ ಸರಿ ಮಾಡು. ಯಾರನ್ನೂ ಜೊತೆಗೆ ಕೊಡಲ್ಲ" ಎಂದು ಹೊರಟುಹೋದಳು.

ಆ ಚಳಿಗಾಲದ ಉಳಿದ ದಿನಗಳೆಲ್ಲ ಐಲಿಫನಿಗೆ ಅದೇ ಕೆಲಸವಾಯಿತು. ಒಂದೊಂದು ನಮೂನೆಯನ್ನೂ ತೆರೆದು, ಸಾಲು ಬಿಗಿಮಾಡಿ, ಅಂಚು ಸರಿಸಿ, ಪತ್ರ ಮಾಡಿಸಿ ನೋಡಿ, ಮತ್ತೆ ಸರಿಸುವುದು. ಕೆಲವೇ ತಿಂಗಳಲ್ಲಿ ಕಸಕ್ಕೆ ಹೋಗಲಿರುವ ವಸ್ತುವಿಗಾಗಿ ಕಣ್ಣು ಉರಿಸಿಕೊಳ್ಳುತ್ತಿದ್ದೇನೆಂದು ಅವನಿಗೆ ತಿಳಿದೇ ಇತ್ತು. ಕೆಲಸದ ನಡುವೆ, ಬೆನ್ನು ಹಿಡಿದಾಗ, ರಾಜೀನಾಮೆ ಕೊಟ್ಟುಬಿಡೋಣವೇ ಎಂದುಕೊಳ್ಳುವನು. ಅದಕ್ಕೂ ಒಂದು ಪತ್ರ ಬರೆಯಬೇಕಲ್ಲ ಎಂದು ಬೇಜಾರಾಗಿ ಮತ್ತೆ ನಮೂನೆಗೆ ಕೈ ಹಾಕುವನು. ಸೂರ್ಯ ಮರಳಿದ ದಿನ ಕಚೇರಿಯವರೆಲ್ಲ ವಾಡಿಕೆಯಂತೆ ಧಕ್ಕೆಗೆ ಹೋಗಿ ಸಿಹಿ ಬನ್ ತಿಂದು ಬಂದರು. ಐಲಿಫ್ ಹೋಗಲಿಲ್ಲ.

ಇಂಗಾಳ ಫೋನ್ ಬಂದದ್ದು ಅದಾದ ಕೆಲವು ದಿನಗಳ ಮೇಲೆ, ಅವಳ ಊರಿನ ಗ್ರಂಥಾಲಯದಿಂದ.

"ಬಂತಪ್ಪಾ" ಎಂದಳು. "ಸರಿಯಾಗಿದೆ. ಕೊಕ್ಕೆ ಇದೆ. ನಾನು ಬರೆಯೋದಕ್ಕಿಂತ ಚೆನ್ನಾಗಿದೆ."

"ಒಳ್ಳೇದಾಯ್ತು."

"ಆದರೆ ಇಲ್ಲೊಂದು ವಿಚಿತ್ರ ಇದೆ. ಗ್ರಂಥಾಲಯದ ಹುಡುಗಿ ತೋರಿಸಿದಳು. ಕಾಗದ ಸರಿ, ಆದರೆ ಕಂಪ್ಯೂಟರಿನಲ್ಲಿ ಅದರ ಹೆಸರು ಅಂತ ಏನೋ ಬಂದಿದೆ. ಒಂದು ಇ, ಆಮೇಲೆ ಶೇಕಡಾ ಚಿಹ್ನೆ, ಏನೇನೋ ಅಂಕಿ, ಮತ್ತೆ ಶೇಕಡಾ. ನಾನೇನು ಅಂಗಡಿ ರಿಯಾಯಿತಿಯಾ?"

ಐಲಿಫ್ ಹಣೆಯನ್ನು ಮೇಜಿಗೊತ್ತಿದ. ಪತ್ರದ ಒಳಗನ್ನು ತಿದ್ದಿದ್ದ; ಡೌನ್‌ಲೋಡ್ ಆಗುವಾಗ ಫೈಲಿಗೆ ಹೆಸರಿಡುವ ಸಾಲನ್ನು ಮರೆತಿದ್ದ. ಆ ಅಕ್ಷರ ಅಲ್ಲಿಯೂ ಇತ್ತು, ಅಲ್ಲಿಯೂ ಯಂತ್ರಕ್ಕೆ ಅರ್ಥವಾಗಿರಲಿಲ್ಲ.

"ನಾಳೆ ನೋಡ್ತೀನಿ, ಇಂಗಾ."

"ಬೇಡ ಬಿಡು. ಗೋಡೆಗೆ ಹಾಕಿದ ಮೇಲೆ ಅದ್ಯಾರಿಗೆ ಕಾಣುತ್ತೆ? ನಿನ್ನ ದನಿ ಕೇಳಿದ್ರೇ ಗೊತ್ತಾಗುತ್ತೆ, ನಿದ್ದೆ ಕೆಟ್ಟಿದ್ದೀಯ." ಆಮೇಲೆ, ದನಿ ಸ್ವಲ್ಪ ತಗ್ಗಿಸಿ, "ನಮ್ಮ ತರಗತಿಯ ಮಾಹ್ತೆದೂ ಸರಿ ಬಂತು. ಅವನದರಲ್ಲಿ ಊರಿನ ಹೆಸರೊಳಗೆ ಎರಡು ಪೆಟ್ಟಿಗೆ ಇದ್ವು. ಅವನು ಯಾರಿಗೂ ಹೇಳಿರಲಿಲ್ಲ. ತಾನೇ ಏನೋ ತಪ್ಪು ಒತ್ತಿರಬೇಕು ಅಂದ್ಕೊಂಡಿದ್ನಂತೆ" ಎಂದಳು.

ಫೈಲಿನ ಹೆಸರನ್ನೂ ಐಲಿಫ್ ಸರಿ ಮಾಡಿದ. ಅವಳಿಗೆ ತಿಳಿಸಲಿಲ್ಲ.

ಮೇ ತಿಂಗಳಲ್ಲಿ ದಕ್ಷಿಣದವರು ಬಂದು ಹೊಸ ವ್ಯವಸ್ಥೆಯನ್ನು ನಿಲ್ಲಿಸಿದರು. ಗಡ್ಡ ಬಿಟ್ಟ, ಮೃದುವಾಗಿ ಮಾತಾಡುವ ಒಬ್ಬ ಎಂಜಿನಿಯರ್, ಪರೀಕ್ಷೆಗೆ ಒಂದು ಹೆಸರು ಕೊಡಿ ಎಂದ. ಐಲಿಫ್ ಇಂಗಾಳ ಹೆಸರನ್ನು ಕೊಕ್ಕೆ ಸಮೇತ ಬರೆದ. ಗುಂಡಿ ಒತ್ತಿದ. ಪತ್ರ ಬಂತು. ಹೆಸರು ಸರಿಯಿತ್ತು, ಫೈಲಿನ ಹೆಸರೂ ಸರಿಯಿತ್ತು, ಸಹಿ ಮೊದಲ ಪುಟದಲ್ಲೇ ಇತ್ತು. ಯಾರೂ ಏನೂ ಮಾಡಬೇಕಾಗಿ ಬರಲಿಲ್ಲ.

"ಏನಾದ್ರೂ ತೊಂದರೆ ಇದೆಯಾ?" ಎಂದು ಎಂಜಿನಿಯರ್ ಕೇಳಿದ.

"ಇಲ್ಲ. ಚೆನ್ನಾಗಿದೆ" ಎಂದ ಐಲಿಫ್. ಅದು ನಿಜವೂ ಆಗಿತ್ತು.

ಅವನನ್ನು ಜನರ ಫೋನುಗಳಿಗೆ ಉತ್ತರಿಸುವ ಕೆಲಸಕ್ಕೆ ಹಾಕಿದರು. ಆ ಸಂಜೆ ಮನೆಯಲ್ಲಿ ಹೊಸ ವ್ಯವಸ್ಥೆ ಹೇಗಿದೆ ಎಂದು ಗುಡ್ನಿ ಕೇಳಿದಳು.

"ಎಲ್ಲ ಸರಿಯಾಗಿ ಬರುತ್ತೆ."

"ಮತ್ಯಾಕೆ ಹೀಗೆ ಕೂತಿದ್ದೀಯ?"

"ಮೂರು ತಿಂಗಳಿಗೋಸ್ಕರ ಒಂದು ಚಳಿಗಾಲ ಪೂರ್ತಿ ಕೂತೆನಲ್ಲ, ಗುಡ್ನಿ."

ಗುಡ್ನಿ ವೃದ್ಧಾಶ್ರಮದಲ್ಲಿ ದಾದಿ. ನಾಳೆ ಇರುತ್ತಾರೋ ಇಲ್ಲವೋ ಎನ್ನುವವರಿಗೆ ದಿನಾ ತಲೆ ಬಾಚುವವಳು. ಅವಳು ಅವನ ಕಾಲಿನ ಮೇಲೆ ಕಂಬಳಿ ಹೊದಿಸಿ, ಕಿಟಕಿಯ ಪರದೆ ಎಳೆದಳು. ಹೊರಗೆ ರಾತ್ರಿಯಾದರೂ ಮುಳುಗುವ ಯೋಚನೆಯೇ ಇಲ್ಲದ ಬಿಸಿಲು. ಐಲಿಫ್ ಸೋಫಾದ ಮೇಲೆ, ಬಟ್ಟೆ ಸಹ ಬದಲಾಯಿಸದೆ, ಬೆಳಗಿನವರೆಗೆ ನಿದ್ದೆ ಹೋದ.