ಯಾರಿಗೂ ಕೊಡದ ಪಾಸ್‌ವರ್ಡು

ನಮ್ಮ ಮನೆಯ ವೈಫೈಗೆ ಪಾಸ್‌ವರ್ಡ್ ಇದೆ ಅನ್ನುವುದು ಹೆಸರಿಗೆ ಮಾತ್ರ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಅದು ಗೊತ್ತಿಲ್ಲದಿರುವುದು ದನಕರುಗಳಿಗಷ್ಟೇ. ನಮ್ಮತ್ತೆ ಅದನ್ನು ಮೊಸರಿನ ಹೆಪ್ಪು ಕೊಟ್ಟ ಹಾಗೆ ಕೊಡುತ್ತಾರೆ. ಕೇಳಿದವರಿಗೆ ಇಲ್ಲ ಅನ್ನಬಾರದಂತೆ. ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಫೋನು ಹಿಡಿದವರ ಸಾಲು, ಒಳಗೆ ನನಗೆ ಒಂದು ಪುಟ ತೆರೆಯಲು ಅರ್ಧ ತಾಸು. ಹೋದ ವರ್ಷ ಒಂದು ದಿನ ತಲೆ ಕೆಟ್ಟು ಅದನ್ನು ಬದಲಿಸಿಬಿಟ್ಟೆ. ಸಿಟ್ಟಿನಲ್ಲಿ ಇಟ್ಟ ಹೊಸ ಪಾಸ್‌ವರ್ಡು ‘ಓಣಿಯವರಿಗೆ ಕೊಡಂಗಿಲ್ಲ’, ಇಂಗ್ಲಿಷ್ ಅಕ್ಷರದಲ್ಲಿ. ಅದರ ಬಾಲಕ್ಕೆ ಬಾಯಿಗೆ ಬಂದ ನಾಲ್ಕು ಅಂಕಿ. ಮನೆಯವರ ಫೋನುಗಳಿಗೆ ನಾನೇ ಹಾಕಿಕೊಟ್ಟೆ. ಕಟ್ಟೆ ಖಾಲಿಯಾಯಿತು, ನಾನು ಬೀಗಿದೆ.

ಮುಂದಿನ ತಿಂಗಳು ಗದಗಿನ ಕಾಲೇಜೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಮಕ್ಕಳಿಗಾಗಿ ಪಾಠ ಹೇಳುವ ಕೆಲಸ ಬಿಟ್ಟು ಒಂಬತ್ತು ವರ್ಷ ಮನೆಯಲ್ಲಿದ್ದವಳು ನಾನು. ಇನ್ನೊಂದು ಕರೆ ಬರುವ ನಂಬಿಕೆ ಇರಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಕಂಪ್ಯೂಟರಿನಲ್ಲೇ ಬರಬೇಕು, ಫೋನು ನಡೆಯುವುದಿಲ್ಲ ಎಂದು ಬರೆದಿದ್ದರು. ತಂಗಿಯ ಲ್ಯಾಪ್‌ಟಾಪು ಶಿರಹಟ್ಟಿಯಿಂದ ಸಂದರ್ಶನದ ದಿನ ಬೆಳಿಗ್ಗೆಯಷ್ಟೇ ಬಂತು. ಹತ್ತಕ್ಕೆ ಬಿಚ್ಚಿ ಕುಳಿತರೆ ಅದು ಪಾಸ್‌ವರ್ಡ್ ಕೇಳಿತು. ಮಾತು ನೆನಪಿದೆ, ಅಂಕಿ ಮರೆತಿದೆ. ಮದುವೆಯ ವರ್ಷ ಹಾಕಿದೆ, ಮಗಳು ಹುಟ್ಟಿದ ವರ್ಷ ಹಾಕಿದೆ. ಎಲ್ಲವೂ ತಪ್ಪಂತೆ. ನನ್ನ ಹಳೇ ಫೋನನ್ನು ಕೇಳಿದರೆ ಅದು ಬರೀ ಚುಕ್ಕೆ ತೋರಿಸಿತು. ಅದರ ಸ್ವಂತ ನೆಟ್ಟು ನಮ್ಮ ಓಣಿಯಲ್ಲಿ ಮಾತಿಗಷ್ಟೇ ಸಾಲುತ್ತದೆ. ಯಳವತ್ತಿಯ ಹೊಲಕ್ಕೆ ಹೋದ ಗಂಡ ಫೋನು ಎತ್ತಲಿಲ್ಲ. ಎತ್ತಿದ್ದರೆ ಅವರಿಗೂ ಎರಡು ಮಾತು ಬೀಳುತ್ತಿದ್ದವು. ಕೊನೆಗೆ ವೈಫೈ ಕೂಡಿಸಿದವನಿಗೆ ಫೋನು ಮಾಡಿದೆ.

“ರಿಸೆಟ್ ಗಿಸೆಟ್ ಒತ್ತಬ್ಯಾಡ್ರಿ ಅಕ್ಕಾರ, ಇದ್ದದ್ದೂ ಹೊಕ್ಕೈತಿ. ನಾ ಮುಂಡರಗ್ಯಾಗ ಅದೀನಿ, ಸಂಜಿಕ ಬರ್ತೀನಿ” ಎಂದ.

ಉಳಿದದ್ದು ಅತ್ತೆ. ಅವರು ಬಸುರಿಯೊಬ್ಬಳ ಕುಬಸದ ಊಟಕ್ಕೆಂದು ಶಿಗ್ಲಿಗೆ ಹೋಗಿದ್ದರು. ಅಲ್ಲಿಗೇ ಫೋನು ಹಚ್ಚಿದೆ.

“ನನಗೇನ ತಿಳೀತೈತಿ ಅದರಾಗ? ಎದುರು ಮನ್ಯಾಕಿನ್ನ ಕೇಳು. ಆಕಿ ಫೋನಿನ್ಯಾಗ ಐತಿ” ಎಂದರು.

“ಆಕಿಗೆ ಹೆಂಗ ಹೋತ್ರಿ?”

“ನೀ ಬದಲಿ ಮಾಡಿದ ಮರುದಿನಾನ ಕೊಟ್ಟೇನಿ. ನನ್ನ ಫೋನಿಗೆ ತನ್ನ ಫೋನು ಹಿಡದಳು, ಹೋತು. ಬ್ಯಾಸಗಿ ತುಂಬ ಅವರ ಬೋರಿನ ನೀರು ಕುಡದೇವಿ. ಇಲ್ಲ ಅಂತ ಹೆಂಗ ಅನ್ನಲಿ?”

ಮೈಯೆಲ್ಲ ಉರಿಯಿತು. ಹಾಗಾದರೆ ಆಕೆಯಿಂದ ಪಡೆದು, ನನ್ನ ಕಣ್ಣು ತಪ್ಪಿಸಿ, ಓಣಿಗೆ ಓಣಿಯೇ ತಿಂಗಳಿಡೀ ತಮ್ಮ ತಮ್ಮ ಮನೆಯಲ್ಲಿ ಕುಳಿತು ನೋಡುತ್ತಿತ್ತು. ಆದರೆ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು, ಸಿಟ್ಟು ಮಾಡಲೂ ಪುರಸೊತ್ತಿಲ್ಲ. ಚಪ್ಪಲಿ ಮೆಟ್ಟದೆ ರಸ್ತೆ ದಾಟಿದೆ.

ಎದುರು ಮನೆಯಾಕೆ ಜಂಪರ್ ಹೊಲಿಯುತ್ತಿದ್ದಳು. ಹನ್ನೊಂದಕ್ಕೆ ಸಂದರ್ಶನವಿದೆ, ಪಾಸ್‌ವರ್ಡು ಬೇಕು ಎಂದೆ. ಮಷೀನು ಬಿಟ್ಟು ಎದ್ದು ಫೋನು ತೆಗೆದಳು. ಪರದೆಯ ಮೇಲಿನ ಕ್ಯೂಆರ್ ಕೋಡಿನ ಕಪ್ಪು ಚೌಕದ ಕೆಳಗೆ ನನ್ನ ಸಿಟ್ಟೆಲ್ಲ ಅಚ್ಚಾಗಿ ಕುಳಿತಿತ್ತು. ಈಗ ಇದನ್ನು ಆಕೆಯ ಬಾಯಲ್ಲೇ ಓದಿಸಬೇಕಲ್ಲ ಎಂದು ತಲೆ ತಗ್ಗಿಸಿ ನಿಂತೆ.

“ಮುಂದಿನ ಮಾತು ನಿಮಗ ಗೊತ್ತೈತಲ್ರಿ ಅಕ್ಕೋರ” ಎಂದಳು ಮೆಲ್ಲಗೆ. “ಹಿಂದಿನ ನಂಬರ್ ಅಷ್ಟ ಹೇಳ್ತೀನಿ, ಬರಕೋರಿ.”

ನಾಲ್ಕು ಅಂಕಿ ಹೇಳಿದಳು. ಥ್ಯಾಂಕ್ಸ್ ಅನ್ನುವುದನ್ನೂ ಮರೆತು ಓಡಿ ಬಂದೆ. ಲ್ಯಾಪ್‌ಟಾಪು ಒಂದೇ ಸಲಕ್ಕೆ ನೆಟ್ಟಿಗೆ ಸೇರಿತು. ಇನ್ನು ನಾಲ್ಕು ನಿಮಿಷ ಇತ್ತು. ನಾನು ಸೆರಗು ಸರಿಮಾಡಿಕೊಳ್ಳುವಾಗ ಆಕೆ ಬಾಗಿಲಲ್ಲಿ ನಿಂತಿದ್ದಳು.

“ನಿಮ್ಮ ಮಾತು ಮುಗಿಯೂತನ ಓಣ್ಯಾಗ ಯಾರೂ ನೆಟ್ ಹಚ್ಚಂಗಿಲ್ರಿ. ಮನಿಮನಿಗೆ ಹೇಳಿ ಬಂದೇನಿ.”

ಕೆಲಸ ಸಿಕ್ಕಿತು. ಆದರೆ ಅವತ್ತು ಪರದೆಯ ಮೇಲೆ ಮೂವರ ಮುಖ ಮೂಡಿ, ನಿಮ್ಮ ಬಗ್ಗೆ ಹೇಳಿ ಎಂದಾಗ ನನಗೆ ಮೊದಲು ನೆನಪಾದದ್ದು ನಾನಿಟ್ಟ ಪಾಸ್‌ವರ್ಡು. ನಾಚಿಕೆ ನುಂಗಿಕೊಂಡು ಹೆಸರು ಹೇಳಿದೆ.